ಮೂವತ್ತೇಳನೆಯ ಚೌಕ

ಓತಾಕರ್ ಬರೆದಿಟ್ಟದ್ದು ಇಷ್ಟೇ:
"ಕುಡುಕನ ಹಾಗೆ ವಾಲಿದ ಓಕ್ ಮರದಿಂದ
ಮೂಡಣಕ್ಕೆ ನಲವತ್ತು ಹೆಜ್ಜೆ. ಬಿಸಿಲು ಚೆನ್ನಾಗಿದೆ."
ಐವತ್ತಮೂರನೆಯ ಇಸವಿ, ಜೂನ್.
ವಾಲಿದ್ದ ಮರ ಎಂದೋ ಮಲಗಿ, ಮೋಟು ಮಾತ್ರ ಉಳಿದಿದೆ.
ಯಾರ ಹೆಜ್ಜೆಯ ಲೆಕ್ಕ ಎಂದು ಕೇಳಲು
ಓತಾಕರ್ ಇಲ್ಲ.
ದ್ರಾಹೊಮೀರಾ ಅವನ ಫೋಟೋ ನೋಡಿದ್ದಾಳಂತೆ: ಗಿಡ್ಡ ಮನುಷ್ಯ.
"ನೀನು ಮೂವತ್ತೆರಡು ಹಾಕು," ಎನ್ನುತ್ತಾಳೆ
ನನ್ನ ಕಾಲುಗಳನ್ನು ಕಣ್ಣಲ್ಲೇ ಅಳೆದು.

ಲೋಹ ಹುಡುಕುವ ಕೋಲು ಎರಡು ಸಲ ಕಿರುಗುಟ್ಟಿತು.
ಒಮ್ಮೆ ಯುದ್ಧಕಾಲದ ಖಾಲಿ ತೋಟಾ,
ಒಮ್ಮೆ ಸಾರ್ಡೀನ್ ಡಬ್ಬಿ.
ಅವನು ನೆಟ್ಟ ಕಬ್ಬಿಣದ ಗೂಟ
ಮಣ್ಣೇ ಆಗಿಹೋಯಿತೋ ಏನೋ.
ಅಂದಾಜಿನ ಮೇಲೆ ದಾರ ಕಟ್ಟಿದೆವು,
ಹದಿನೈದು ಮೀಟರು, ನಾಲ್ಕು ಬದಿ;
ಮೊರಾವಿಯಾದ ಈ ಗುಡ್ಡದ ಒಂದು ತುಂಡಿಗೆ
ಮೂಲೆಗಳು ಬಂದವು.

ಅವಳು ಮಂಡಿಯೂರಿ ಹೆಸರು ಹೇಳುತ್ತಾಳೆ,
ನಾನು ಬರೆಯುತ್ತೇನೆ.
ತುರಚೆ: ನಾಲ್ಕು.
(ನಾಲ್ಕೆಂದರೆ ಅರ್ಧಕ್ಕೂ ಹೆಚ್ಚು ನೆಲ ಅದರದೇ.)
ಹಾರ್ನ್‌ಬೀಮ್ ಸಸಿ: ಎರಡು.
ಬೆಳ್ಳುಳ್ಳಿ ನಾರುವ ಸೊಪ್ಪು: ಎರಡು.
ಮುಂದೆ?
ಮುಂದೆ ಎನ್ನುವಷ್ಟರಲ್ಲಿ ಚೌಕ ಮುಗಿಯಿತು,
ಒಂಬತ್ತೇ ಹೆಸರಿಗೆ.
ಹಳೆಯ ಪುಟದಲ್ಲಿ ಐವತ್ತೆಂಟು.
ಕೆಲವಕ್ಕೆ ಅಂಕಿ ಕೂಡ ಇಲ್ಲ, ಬರೀ ಕೂಡುವ ಗುರುತು,
ಬೆರಳೆಣಿಕೆಯವು ಎಂಬುದಕ್ಕೆ.

"ಇಲ್ಲಿ ನಮ್ಮಮ್ಮ ಸೌದೆ ಕಡಿಯುತ್ತಿದ್ದಳು," ಎನ್ನುತ್ತಾಳೆ.
"ಅರ್ಧ ಹಕ್ಕಿನದು, ಅರ್ಧ ಕದ್ದದ್ದು."
ಏಳೆಂಟು ವರ್ಷಕ್ಕೊಮ್ಮೆ ಬುಡಕ್ಕೆ ಕೊಡಲಿ,
ಬುಡದಿಂದ ಮತ್ತೆ ಗೊಂಚಲು ಚಿಗುರು, ಮೇಕೆಗಳ ಬಾಯಿ,
ನಡುವೆ ಬಿಸಿಲು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ.
ಆಮೇಲೆ ಬೋರ್ಡು ಬಂತು:
ಕಡಿಯಕೂಡದು, ಮೇಯಿಸಕೂಡದು.
"ಅದಕ್ಕೆ ಹಸಿರು ಬಣ್ಣ ಬಳಿದವಳು ನಾನೇ. ಇಪ್ಪತ್ತು ತುಂಬಿತ್ತು.
ಅಮ್ಮ ಒಂದು ವಾರ ಮಾತು ಬಿಟ್ಟಳು."

ಯಾರೂ ಕಡಿಯಲಿಲ್ಲ.
ನೆರಳು ತನ್ನ ಪಾಡಿಗೆ ತಾನು ದಪ್ಪಗಾಯಿತು.
ಕೆಳಗಿನ ಹೊಲಗಳ ಗೊಬ್ಬರ ಗಾಳಿಗೆ ಎದ್ದು
ಮಳೆಯಲ್ಲಿ ಇಳಿದು ತುರಚೆಗೆ ಔತಣವಾಯಿತು.
ಹೂಗಳು ಹೋದವು; ಹಿಡಿಯೋಣವೆಂದರೆ ಕಳ್ಳರಿಲ್ಲ.

"ಸುಮ್ಮನಿರು," ಎಂದಳು.
ನಾನು ಮಾತಾಡಿಯೇ ಇರಲಿಲ್ಲ.
ಮೊದಲು ಅವಳ ಮೂಗು ಎದ್ದಿತು, ಆಮೇಲೆ ಅವಳು.
ನಿಂಬೆಯ ಸಿಪ್ಪೆ ಚಿವುಟಿದ ವಾಸನೆ.
ರೋಗಕ್ಕೆ ಸತ್ತ ಆಶ್ ಮರವೊಂದು ಬಿದ್ದು ತೆರೆದ ಕಿಂಡಿಯಲ್ಲಿ
ತ್ರೆಮ್ದವಾ. ಒಂದೇ ಕಾಂಡ.
ನಸುಗೆಂಪು ಎಸಳಿಗೆ ನೇರಳೆ ಗೆರೆ,
ಸಣ್ಣ ನಿಬ್ಬಿನಲ್ಲಿ ಯಾರೋ ಎಳೆದಂತೆ.
"ಮುಟ್ಟಬೇಡ, ಬಿಸಿಲಲ್ಲಿ ಚರ್ಮ ಸುಡುತ್ತೆ."
ಓತಾಕರನ ಪುಟದಲ್ಲಿ ಅದಕ್ಕೆ ಎರಡು.
ನಮ್ಮ ದಾರದಿಂದ ಆಚೆಗೆ
ಒಂದು ಗೇಣು.

ದಾರ ನೋಡಿದೆ. ಅವಳನ್ನು ನೋಡಿದೆ.
ಗೂಟ ಸಿಕ್ಕಿಲ್ಲ, ಹೆಜ್ಜೆ ಸತ್ತವನದು,
ಮೂವತ್ತೆರಡರ ಬದಲು ಮೂವತ್ತಮೂರು ಎಂದರೆ
ಕೇಳುವವರು ಯಾರು?
ಅವಳು ಕನ್ನಡಕ ತೆಗೆದು ಅಂಗಿಯ ತುದಿಗೆ
ಒರೆಸಿದಳು, ಒರೆಸಿದಳು.
"ಹೂ ಕಾಣುವ ಮೊದಲು ಕಟ್ಟಿದ ದಾರ," ಎಂದಳು.
"ಹಾಗೇ ಇರಲಿ."

ಆ ಹೆಸರಿನ ಮುಂದೆ ಅಡ್ಡಗೆರೆ ಎಳೆದೆ.
ಪೆನ್ಸಿಲಿನ ಮೊನೆ ಮುರಿಯಿತು, ಅಷ್ಟೇನೂ ಒತ್ತಿರಲಿಲ್ಲ.
ದಾರದಾಚೆಯೇ ಕೂತು ಬುತ್ತಿ ಬಿಚ್ಚಿದೆವು:
ಕರಿ ಬ್ರೆಡ್ಡು, ಉಪ್ಪು ಸವರಿದ ಮೂಲಂಗಿ.
ಅವಳು ಹೂವಿಗೆ ಬೆನ್ನು ಹಾಕಿ ಕೂರಲಿಲ್ಲ.

"ಮೂವತ್ತೆಂಟು ಎಲ್ಲಿ?"
ಓದಿ ಹೇಳಿದೆ:
"ಇಳಿಜಾರಿಗೆ ಅರವತ್ತು ಹೆಜ್ಜೆ.
ಕಣಿವೆಯೆಲ್ಲ ಕಾಣುವಲ್ಲಿ ನಿಲ್ಲು."
ಕೊಡೆ ಮಡಚಿದಂತೆ ಮೈ ಮಡಚಿ ಎದ್ದಳು.
ಕೆಳಗೆ ನೋಡಿದೆವು.
ಎಲೆ, ಅದರ ಹಿಂದೆ ಎಲೆ.
ಎಣಿಸುತ್ತ ಇಳಿದೆವು.