ಚೀಲದ ತೂಕ ಕಳೆದು

ಗೋಣಿಕೊಪ್ಪದ ಕಾಫಿ ಮಂಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ಕಾಟಾ ನನ್ನದು.
ಅಂಕಿ ನಿಲ್ಲುವ ತನಕ ಕಾಯುವುದು,
ನಿಂತ ಮೇಲೆ ಗಟ್ಟಿಯಾಗಿ ಕೂಗುವುದು,
ಚೀಲಕ್ಕೆಂದು ಒಂದು ಕೆಜಿ ಕಳೆದು ಬರೆಯುವುದು.
ಸುಬೈದಾ ಕೂಗಿದ್ದೇ ತೂಕ
ಎನ್ನುತ್ತಾರೆ ಬೇಗೂರಿನಿಂದ ಬಾಳೆಲೆಯ ತನಕ.

ಮೋಸವೂ ಗೊತ್ತು ನನಗೆ.
ಮೆಣಸಿಗೆ ರಾತ್ರಿ ನೀರು ಚಿಮುಕಿಸಿ ತಂದವರು,
ಚೆರಿಯ ನಡುವೆ ಹೊಳೆಗಲ್ಲು ಹೂತವರು.
ಒಂದು ಹಿಡಿ ಮೂಗಿಗೆ ಹಿಡಿದರೆ ಸಾಕು,
ಒಂದು ಬೀಜ ಹಲ್ಲಿಗಿಟ್ಟರೆ ಸಾಕು.
ಎಲ್ಲರಿಗೂ ಇದ್ದದ್ದಕ್ಕಿಂತ ಹೆಚ್ಚು ತೂಗುವ ಆಸೆ.

ನನ್ನನ್ನು ಬಿಟ್ಟು.
ಮಂಡಿಯ ಹುಡುಗರು ನನಗಿಟ್ಟ ಹೆಸರು ‘ಎರಡು ಚೀಲ’.
ಕಿವಿನೋವೆಂದು ಅಮ್ಮತ್ತಿಯ ಆಸ್ಪತ್ರೆಗೆ ಹೋದರೂ
ಡಾಕ್ಟರು ಮೊದಲು ನೋಡುವುದು ಹೊಟ್ಟೆಯನ್ನು:
ಇಳಿಸಿ.
ಇಳಿಸಿದೆ. ರಂಜಾನ್ ಮುಗಿದ ಮೇಲೂ ಉಪವಾಸ ಬಿಡದೆ
ಹನ್ನೊಂದು ಕೆಜಿ. ಊರೆಲ್ಲ ಹೊಗಳಿತು.
ಕೂದಲು ಬಾಚಣಿಗೆಯಲ್ಲಿ ಗೊಂಚಲಾಗಿ ಬಂತು,
ಕಣ್ಣು ಕತ್ತಲಾಗಿ ಬಚ್ಚಲಲ್ಲಿ ಬಿದ್ದೆ.
ಅದನ್ನು ಯಾರೂ ಕೇಳಲಿಲ್ಲ.
ಹದಿಮೂರು ಕೆಜಿ ಮರಳಿ ಬಂತು, ಬಡ್ಡಿ ಸಮೇತ.

ದೇಚಮ್ಮ ಬಂದದ್ದು ಏಪ್ರಿಲ್ ಮಧ್ಯಾಹ್ನ,
ಲಾರಿಗಳೆಲ್ಲ ಹೋಗಿ ಮಂಡಿ ಖಾಲಿಯಾದ ಹೊತ್ತು.
ಮನೆತನದ ಹಾಕಿ ತಂಡದಲ್ಲಿ
ಚಿಕ್ಕಪ್ಪಂದಿರನ್ನೇ ಹಿಂದೆ ಹಾಕಿ ಓಡಿದ ಹುಡುಗಿ.
ಚೂರು ಹಗುರಾದರೆ ಇನ್ನೂ ವೇಗ ಎಂದರಂತೆ ಯಾರೋ,
ಅಂದವರಿಗೆ ಈಗ ನೆನಪೂ ಇರಲಾರದು.
ಆ ಸೆಕೆಯಲ್ಲಿ ದಪ್ಪ ಜರ್ಕಿನ್. ತುಟಿ ನೀಲಿ.
‘ಆಂಟಿ, ಒಮ್ಮೆ ನಿಲ್ಲಲಾ?
ಮನೆಯ ಮೆಷಿನ್ ಅವ್ವ ಬಚ್ಚಿಟ್ಟಿದ್ದಾಳೆ.
ನಾಳೆ ವಿರಾಜಪೇಟೆಯ ಡಾಕ್ಟರು ತೂಗುತ್ತಾರೆ.’

ನಿಂತಳು. ಕೆಂಪು ಅಂಕಿ ನಡುಗಿ ನಿಂತಿತು.
ಮೂಗು, ಹಲ್ಲು ಏನೂ ಬೇಕಾಗಲಿಲ್ಲ,
ಈ ಅಂಕಿ ಆ ಕೊರಳೆಲುಬಿನದಲ್ಲ.
ಜೇಬಿಗೆ ಕೈ ಹಾಕಿದೆ.
ಲಕ್ಷ್ಮಣತೀರ್ಥದ ನುಣುಪು ಕಲ್ಲು,
ಒಂದು. ಇನ್ನೊಂದು.
ಒಳಜೇಬಿನಿಂದ ಮತ್ತೆರಡು.
ಕಾಲುಚೀಲದೊಳಗೆ ಅವಳ ಅಜ್ಜನ ತಕ್ಕಡಿಯ ಹಿತ್ತಾಳೆ ಬಟ್ಟು.
ತೆಗೆದಂತೆಲ್ಲ ಅಂಕಿ ಮೆಟ್ಟಿಲಿಳಿಯಿತು.
ಹುಡುಗಿ ನಿಂತೇ ಇದ್ದಳು, ಜಪ್ತಿಯಾದ ಮಾಲಿನಂತೆ.

ಹೆಚ್ಚು ತೂಗಬೇಕಿತ್ತು ಅವಳಿಗೆ,
ಇನ್ನೂ ಕಡಿಮೆಯಾಗುವುದಕ್ಕೆ.
ಈ ಮೋಸ ನನ್ನ ಪುಸ್ತಕದಲ್ಲಿರಲಿಲ್ಲ.

ಕೊನೆಗೆ ನಿಂತ ಅಂಕಿಯನ್ನು ನಾನು ಕೂಗಲಿಲ್ಲ.
ಇಲ್ಲೂ ಹೇಳುವುದಿಲ್ಲ,
ಕೇಳಿಸಿಕೊಂಡ ಯಾವಳಾದರೂ
ಅದನ್ನೇ ಗುರಿ ಮಾಡಿಕೊಂಡಾಳು.
ಚೀಲದ ತೂಕ ಕಳೆಯೋಣವೆಂದರೆ
ಚೀಲ ಮಾತ್ರ ಉಳಿದಿತ್ತು.

ಕೈ ಹಿಡಿದು ಇಳಿಸಿದೆ.
ಮುಂಗೈ ತುಂಬ ಬೆಕ್ಕಿನ ಮರಿಯ ರೋಮ.
ಸ್ವಿಚ್ ಆರಿಸಿದ ಮೇಲೂ ಉಳಿದ ಸುತ್ತು ತಿರುಗುವ
ಪಲ್ಪರಿನಂತೆ ನಾಡಿ.
‘ಮುಟ್ಟು?’
‘ಪುತ್ತರಿಯಿಂದ ಇಲ್ಲ.’

ಡಬ್ಬಿಯಲ್ಲಿ ಪತ್ತಿರಿ ಇತ್ತು, ಮೀನುಸಾರು. ಮುಂದಿಟ್ಟೆ.
ಅಂಚಿನಿಂದ ಉಗುರಷ್ಟು ಹರಿದು
ಬೆರಳಲ್ಲಿ ಹೊಸೆಯುತ್ತ ಕೂತಳು.
ತಿನ್ನು ಎನ್ನಲಿಲ್ಲ ನಾನು.
‘ಇಳಿಸಿ’ ಕೇಳಿ ಕೇಳಿ ಹಳಸಿದ ಕಿವಿ ಇದು,
ಒಂದು ಪದದಿಂದ ಏನಾಗುತ್ತದೆ, ಏನಾಗುವುದಿಲ್ಲ ಗೊತ್ತು.
ನಾನೇ ತಿಂದೆ, ಅವಳ ಎದುರು, ನಾಚದೆ.
ಎಷ್ಟು ವರ್ಷವಾಗಿತ್ತೋ
ಒಬ್ಬರು ನೋಡುತ್ತಿರುವಾಗ ಹೊಟ್ಟೆ ತುಂಬ ಉಂಡು.

ಆಮೇಲೆ ಅವಳ ಅವ್ವನಿಗೆ ಫೋನು ಮಾಡಿದೆ.
ಆಗ ದೇಚಮ್ಮ ನೋಡಿದ ನೋಟ,
ತೂಕದಲ್ಲಿ ಮೋಸ ಮಾಡಿದವಳು ನಾನೇ ಎಂಬಂತೆ.

ಮೈಸೂರಿನ ಆಸ್ಪತ್ರೆ, ಮೂರು ತಿಂಗಳು, ಎಂದು ಕೇಳಿದೆ.
ನಡುವೆ ಒಮ್ಮೆ ಎದೆಬಡಿತ ತಪ್ಪಿತಂತೆ.
ಕೈಲ್‌ಪೊಳ್ದ್ ವಾರ ಬಸ್ ಸ್ಟ್ಯಾಂಡಿನಲ್ಲಿ ಕಂಡಳು,
ಕೆನ್ನೆಗೆ ತುಸು ಬಣ್ಣ, ನನಗೆ ಬೆನ್ನು.

ನಿನ್ನೆ ಮಂಡಿಗೇ ಬಂದಳು.
ಕಾಟಾದ ಕಡೆ ಹೋದ ಕಣ್ಣನ್ನು
ಬಿಸಿ ತಾಗಿದಂತೆ ಹಿಂದೆಳೆದುಕೊಂಡಳು.
‘ಅಜ್ಜನ ಬಟ್ಟು ಬೇಕಿತ್ತು.’
ಕೊಟ್ಟೆ.
ಕಲ್ಲುಗಳು ಮೇಜಿನ ಮೇಲಿದ್ದವು,
ಫ್ಯಾನಿನ ಗಾಳಿಗೆ ರಶೀದಿ ಹಾರದಂತೆ.
ನೋಡಿದಳು. ಮನಸ್ಸಿನಲ್ಲೇ ಎಣಿಸಿದಳು.
‘ನಾಲ್ಕು,’ ಎಂದೆ.
‘ಐದಿತ್ತು,’ ಎಂದಳು.