ಆರು ಅಂಕಿ

ನೀವು ನೀವೇ ಅಂತ ಖಾತ್ರಿ ಮಾಡ್ರಿ, ಅಂತೈತಿ ಪರದೆ.
ಇದೇನ ಹೊಸಾದಲ್ಲ ಬಿಡ್ರಿ.
ಹೆಣ್ಮಗಳೊಬ್ಬಾಕಿ ಹಾರ್ಮೋನಿಯಂ ಬಿಚ್ಚಿಕೊಂಡು ಕುಂತಾಳಂದ್ರ
ಟಾಂಗಾಕೂಟದಿಂದ ಬೆಟಗೇರಿ ತನಕ ಎಲ್ಲಾರೂ ಕೇಳವರ:
"ಮಾಸ್ತರ್ ಎಲ್ಲ್ಯಾರವಾ?"

ಅಂಗಡಿ ಹೆಸರು ಬಾಡಿಗಿಗೈತಿ.
ಬೋರ್ಡಿನ ಮ್ಯಾಲಿಂದಲ್ಲ, ಅದು ನಮ್ಮದು,
ಅಣ್ಣ ತಾನ ಬರದದ್ದು, ನೀಲಿ ಬಣ್ಣ ಸುರದು
'ಪೇಟಿಮನಿ'ಯ ಕಡೀ ಅಕ್ಷರಕ್ಕ ಬಾಲ ಬಂದೈತಿ.
ಬಾಡಿಗಿದು ಆ ಡಾಟ್ ಇನ್ ಹೆಸರು,
ವರ್ಷಕ್ಕ ಒಂಬೈನೂರಾ ಚಿಲ್ಲರೆ.
ಕೊಟ್ಟವರಿಗೆ ರಿಜಿಸ್ಟ್ರಾರ್ ಅಂತಾರ.
ನಮ್ಮ ಗದಗಿನ ರಿಜಿಸ್ಟ್ರಾರ್ ಕಚೇರ್ಯಾಗ
ಕಡೀಕ ಒಂದು ಕಿಡಕಿರೆ ಐತಿ,
ಕಿಡಕಿ ಹಿಂದ ಸಿಡುಕೋ ಮನಷ್ಯಾ ಅದಾನ.
ಇಲ್ಲಿ ಅದೂ ಇಲ್ಲ.
ಶುಕ್ರವಾರ ಮುದ್ದತು ಮುಗೀತೈತಿ ಅಂತ
ಮೂರು ಮೇಲ್ ಬಂದಾವ.

ರೊಕ್ಕ ಐತಿ. ರೊಕ್ಕದ ಮಾತಲ್ಲ.
ಖಾತೆ ಅಣ್ಣನ ಹೆಸರಿಲೆ.
ಅಲ್ಲಿ ನಾಗಲಿಂಗ, ಆಧಾರಿನ್ಯಾಗ ನಾಗಲಿಂಗಪ್ಪ,
ಮರಣ ಪತ್ರದಾಗ ನಾಗಲಿಂಗಾಚಾರಿ.
ಒಬ್ಬಾಂವ ಸತ್ತಿದ್ದಕ್ಕ ಮೂರು ಮಂದೀನ್ನ ಸ್ಕ್ಯಾನ್ ಮಾಡಿ ಕಳಿಸಿದೆ.
ಫೋಟೋ ಮಸುಕೈತಿ, ಅಂತು ಯಂತ್ರ.
ಮತ್ತ ಕಳಿಸಿದೆ. ಕನ್ನಡ ಓದಾಕ ಬರಂಗಿಲ್ಲಂತ ಅದಕ್ಕ.
ಬ್ಯಾರೆ ಹಾದಿ ಐತಂತ:
ನೋಂದಾಯಿಸಿದ ನಂಬರಿಗೆ ಆರು ಅಂಕಿ, ಹತ್ತು ನಿಮಿಷ.

ಆ ನಂಬರು
ರಿಚಾರ್ಜ್ ಮಾಡೂದು ಬಿಟ್ಟು ವರ್ಷಾತು.
ಬೆರಳಿಗೆ ಮಾತ್ರ ಸರಿಗಮದಂಗ ಬಾಯಿಪಾಠ.
ಹಚ್ಚಿದೆ.
ಮೊದಲ ಒಂದು ಸೀನು ಬಂತು, ಆಮ್ಯಾಲ ದನಿ.
ಮಾಬುಸಾಬ ಅಂತ. ಬ್ಯಾಡಗಿಯೊಳಗ
ಲಾರಿಗೆ ಮೆಣಸಿನಕಾಯಿ ಚೀಲ ಹೇರ್ತಾನ.
ಸಿಮ್ಮಿನ ಅಂಗಡ್ಯಾಗ ಈ ನಂಬರ ಕೊಟ್ಟಾರ ಅವಂಗ.
ಆರು ಅಂಕಿ ಬಂದಾವೇನಪಾ?
ಬಂದಾವ.
ಹೇಳು.
ಹೇಳಂಗಿಲ್ಲ.
"ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವರು ಅಂದಾರ.
ನೀವು ಯಾರಂತ ನಾ ಹೆಂಗ ನಂಬ್ಲಿ?"

ಸಿಟ್ಟು ಬರಲಿಲ್ಲ.
ಇಷ್ಟು ದಿನದಾಗ, ಕೇಳಿ ಉತ್ತರಕ್ಕ ನಿಂತಾಂವ ಇವನೊಬ್ಬ.
ನಂಬರು ನಮ್ಮಣ್ಣಂದು, ಹಾರ್ಮೋನಿಯಂ ರಿಪೇರಿ ಮಾಡ್ತಿದ್ದ, ಅಂದೆ.

"ಎಕ್ಕಾ, ನಿಮ್ಮವೇನ್ರೀ ಆ ಫೋನು!
ವಾರಕ್ಕ ಇಬ್ಬರು ಮೂವರು ಹಚ್ಚತಾರ.
ಭಜನಿ ಮ್ಯಾಳದವರು, ಮತ್ತ ಒಬ್ಬ ಸಾಲಿ ಮಾಸ್ತರ,
ಕರಿ ಎರಡರ ಪಟ್ಟಿ ಕುಂತೈತಂತ, ಏಳವಲ್ದಂತ.
ರಾಂಗ್ ನಂಬರ್ ಅಂದ್ರ ಕೇಳಂಗಿಲ್ಲ,
ಗಾಳಿ ಸೋರತೈತಿ ನೋಡ್ರಿ ಅಂತ
ಫೋನಿನ್ಯಾಗ ನುಡಿಸಿ ತೋರಸ್ತಾರ."
ಮತ್ತೊಮ್ಮೆ ಸೀನಿದ.
"ಊಟದ ಹೊತ್ತಿನ್ಯಾಗ ಬಂದ್ರ ಪೂರಾ ಕೇಳ್ತೀನ್ರಿ."

ಅಷ್ಟರಾಗ ಹತ್ತು ನಿಮಿಷ ಮುಗದಿದ್ದುವು.
ಅಂಕಿ ಕೆಟ್ಟಿದ್ದುವು. ಮತ್ತ ಕಳಿಸಂದೆ.
ಮಾಬುಸಾಬ ಒಂದೊಂದಾಗಿ ಓದಿದ, ಚೀಲ ಎಣಿಸಿದಂಗ,
ನಾಕು, ಏಳು, ಸೊನ್ನಿ,
ಇನ್ನೊಂದು ಸೊನ್ನಿರಿ, ಎರಡು, ಒಂಬತ್ತು.

ಸುಸ್ವಾಗತ, ನಾಗಲಿಂಗ, ಅಂತು ಪರದೆ.

ಕೆಳಗ ನಂಬರ ಬದಲಿಸೋ ಮನಿ ಇತ್ತು.
ನನ್ನದು ಒಂಬತ್ತು ಅಂಕಿ ಒತ್ತಿ, ಹತ್ತನೇದಕ್ಕ ಬೆರಳು ನಿಂತು,
ಫೋನಿನ್ಯಾಗ ಇನ್ನೂ ಇದ್ದ ಅಂವಾ:
"ನಾಳೆ ಯಾರರೆ ಹಚ್ಚಿದ್ರ ಏನ್ ಹೇಳ್ಲೆಕ್ಕಾ?"

ಗಾಳಿ ಎಲ್ಲಿಂದ ಸೋರತೈತಿ ಕೇಳು, ಅಂದೆ.
ತಿದಿಯಿಂದೋ, ಪಟ್ಟಿಯಿಂದೋ.
ಮೊದಲ ಅದನ್ನ ಕೇಳು.