ಕಾಜಾದಷ್ಟು

ಹದಿನೆಂಟು ವರ್ಷದಿಂದ ಕಾಜಾ ಹೊಲಿಯುತ್ತೇನೆ,
ಜೀನ್ಸಿನ ಸೊಂಟಕ್ಕೆ ಒಂದು,
ದಿನಕ್ಕೆ ಮುನ್ನೂರು.
ಗುಂಡಿ ತೂರಬೇಕು, ಆದರೆ ಜಾರಬಾರದು.
ಕೌಲ್ ಬಜಾರಿನ ಈ ಓಣಿಯಲ್ಲಿ
ಟೇಪು ಹಿಡಿಯದೆ ಅಳತೆ ಹೇಳುವವಳು ನಾನೊಬ್ಬಳೇ
ಅಂತ ಬೀಗುತ್ತಿದ್ದೆ.

ಗೋಡೆಯ ಕಾಜಾ ಮಾತ್ರ ಕಂಡಿರಲಿಲ್ಲ.
ಬಚ್ಚಲ ಕೊಳವೆಯ ಪಕ್ಕ,
ಸಿಲಿಂಡರಿನ ಹಿಂದೆ,
ಬಾಗಿಲ ಕೆಳಗೆ ಸವೆದ ಹಲಗೆಯಲ್ಲಿ.
ರಾತ್ರಿ ನನ್ನ ಮೆಷಿನ್ ನಿಂತ ಮೇಲೆ
ಇನ್ನೊಂದು ಮೆಷಿನ್ ಶುರು,
ಕಟ್ ಕಟ್ ಕಟ್,
ದಾರವಿಲ್ಲದ ಸೂಜಿಯ ಹಾಗೆ.
"ಗಣಪ್ಪನ ವಾಹನ, ಇರ್ಲಿ ಬಿಡು" ಅಂದಳು ಅತ್ತೆ.
ಇರಲಿ ಬಿಟ್ಟೆ.
ಚೀಲದ ಮೂಲೆ ಹರಿದರೆ ತೇಪೆ ಹಾಕಿದೆ,
ಜೋಳದಲ್ಲಿ ಕರಿ ಹಿಕ್ಕೆ ಕಂಡರೆ ಮೊರದಲ್ಲಿ ಕೇರಿದೆ,
ರೊಟ್ಟಿ ಬಡಿದೆ.

ಮೈದುನ ಎರ್ರಿಸ್ವಾಮಿ ವಾಷಿಂಗ್ ಯೂನಿಟ್ಟಿನವನು.
ನೀಲಿ ನೀರಲ್ಲಿ ಬರಿಗಾಲಲ್ಲಿ ನಿಂತು
ಹೊಸ ಪ್ಯಾಂಟನ್ನು ಹಳೆಯದು ಮಾಡುವ ಕೆಲಸ.
ಅವನ ಹಿಮ್ಮಡಿ ನೋಡಬೇಕು ನೀವು,
ಚೈತ್ರದ ಎರೆಹೊಲ.

ಮೊದಲು ಜ್ವರ.
ಆಮೇಲೆ ಮೀನಖಂಡ ಹಿಡಿದುಕೊಂಡು ಅತ್ತ
ಇಪ್ಪತ್ತೇಳರ ಗಂಡಸು.
ಕಣ್ಣು ಕೆಂಪಗೆ, ನಾಲ್ಕನೇ ದಿನ ಹಳದಿ.
ಕಾಮಾಲೆ ಅಂದರು. ಸೊಪ್ಪಿನ ರಸ ಕುಡಿಸಿ
ಎರಡು ದಿನ ಕಳೆದೆವು, ದಂಡವಾಗಿ.
ಉಚ್ಚೆ ನಿಂತ ಮೇಲೆ ಆಟೋ ಹತ್ತಿಸಿದೆವು.

ದೊಡ್ಡಾಸ್ಪತ್ರೆಯ ಸಣ್ಣ ವಯಸ್ಸಿನ ಡಾಕ್ಟರಮ್ಮ
ನಾಲಿಗೆ ನೋಡುವ ಮೊದಲು ಪಾದ ನೋಡಿದಳು.
"ನೀರಲ್ಲಿ ನಿಲ್ತೀಯಾ?"
"ಹೂಂ."
"ಅಲ್ಲಿ ಇಲಿ ಅದಾವಾ?"
ಆ ನೋವಿನಲ್ಲೂ ನಕ್ಕ ನಮ್ಮ ಎರ್ರಿಸ್ವಾಮಿ.

ಕಚ್ಚಲಿಲ್ಲ. ಮೈಮೇಲೆ ಹರಿಯಲಿಲ್ಲ.
ಎಲ್ಲೋ ಒಂದು ಇಲಿ ಉಚ್ಚೆ ಹೊಯ್ದು ಹೋಯಿತು,
ನೀರು ಅದನ್ನು ಹೊತ್ತು ತಂದಿತು,
ಹಿಮ್ಮಡಿಯ ಬಿರುಕು ಬಾ ಅಂದಿತು.
ಕಾಜಾದಷ್ಟೂ ಬೇಕಾಗಲಿಲ್ಲ ಅದಕ್ಕೆ.

ಬಟ್ಟೆ ತೊಳೆಯುವವನ ರಕ್ತವನ್ನು
ಮೂರು ಸಲ ಮೆಷಿನ್ನಿಗೆ ಹಾಕಿ ತೊಳೆದರು.
ಹನ್ನೊಂದು ದಿನ.
ಬದುಕಿ ಬಂದ.

ಯೂನಿಟ್ಟಿನ ನೀರೋ, ನಮ್ಮ ಬಚ್ಚಲೋ,
ಯಾರು ಹೇಳಬೇಕು?
ಆಶಾ ಕಾರ್ಯಕರ್ತೆ ಹೊನ್ನೂರ್‌ಬೀ ಕೋಲಿನಿಂದ
ನನ್ನ ಚಿಂದಿ ಗುಡ್ಡೆ ಸರಿಸಿದಳು.
ಒಳಗೊಂದು ಗೂಡು.
ನನ್ನದೇ ನೀಲಿ ದಾರ, ನನ್ನದೇ ಜೇಬಿನ ಅಸ್ತರು,
ಎಷ್ಟು ಮೆತ್ತಗೆ ಹೆಣೆದಿತ್ತು ಅಂದರೆ
ಕಸುಬುದಾರಳಿಗೆ ಕೈ ಮುಗಿಯಬೇಕು.
ಆರು ಮರಿ.
ಅವುಗಳ ಮಾತು ಬೇಡ.

ಪೊರಕೆ ಎತ್ತಿದೆ, ಕೈ ಹಿಡಿದಳು.
"ಒಣ ಹಿಕ್ಕೆ ಗುಡಿಸಬ್ಯಾಡಕ್ಕ, ಧೂಳು ಎದೆಗೆ ಇಳೀತೈತೆ.
ಬ್ಲೀಚಿಂಗ್ ನೀರು ಹಾಕು, ನೆನೀಲಿ, ಆಮೇಲೆ ಒರಸು.
ಕೈಗೆ ಕವರ್ ಕಟ್ಕೋ."

ಅವತ್ತು ಟೇಪು ಹಿಡಿದು ಮಂಡಿಯೂರಿ
ಮನೆಯ ಅಳತೆ ತೆಗೆದೆ.
ಕಿರುಬೆರಳು ತೂರಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು,
ಹದಿನಾಲ್ಕು.
ಪಾತ್ರೆ ತಿಕ್ಕುವ ತಂತಿ ತುರುಕಿ ಮೇಲೆ ಸಿಮೆಂಟು
(ಬಟ್ಟೆ ತುರುಕಿದರೆ ಅವಕ್ಕೆ ಹಾಸಿಗೆ ಕೊಟ್ಟಂತೆ).
ಬಾಗಿಲಿಗೆ ತಗಡಿನ ಪಟ್ಟಿ. ಜೋಳ ಎಣ್ಣೆ ಡಬ್ಬಕ್ಕೆ ಹೋಯಿತು,
ಮುಚ್ಚಳದ ಮೇಲೆ ರುಬ್ಬುವ ಗುಂಡು.
ವಿಷ ತರುತ್ತೇನೆ ಅಂದ ಗಂಡ. ಬೇಡ ಅಂದೆ,
ಎರ್ರಿಸ್ವಾಮಿಯ ಕೂಸು ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ರುಚಿ ನೋಡುತ್ತದೆ.
ಬೋನು ಇಟ್ಟೆವು, ಹುರಿದ ಶೇಂಗಾ ಸಿಕ್ಕಿಸಿ.

ವಾರ ಮನೆ ಮೌನ.
ಎಂಟನೇ ದಿನ ಪಕ್ಕದ ಶರ್ಫುನ್ನೀಸಾ ಬಾಗಿಲಲ್ಲಿ,
ಸೊಂಟಕ್ಕೆ ಕೈ:
"ನಿಮ್ ಇಲಿಗಳು ನಮ್ ಮನೀಗೆ ಬಂದಾವ!"
ಹೌದಲ್ಲ. ಗೋಡೆ ಒಂದೇ, ನಡುವಿನ ಹೊಲಿಗೆಯ ಹಾಗೆ.
ಉಳಿದ ಸಿಮೆಂಟು ಬುಟ್ಟಿಯಲ್ಲಿ ಹೊತ್ತು ಅವಳ ಮನೆಗೆ ಹೋದೆ.
ಅವಳಾದ ಮೇಲೆ ಆಚೆ ಮನೆ.
ಓಣಿ ಉದ್ದ ಇದೆ, ಚರಂಡಿ ಇನ್ನೂ ಉದ್ದ.

ಎರ್ರಿಸ್ವಾಮಿ ಮತ್ತೆ ಕೆಲಸಕ್ಕೆ ಹೋಗುತ್ತಾನೆ.
ಬೂಟಿನ ಮಾತಿಗೆ ಮಾಲೀಕ ಫೋನು ಕಿವಿಗಿಟ್ಟುಕೊಂಡ.
ನಾನೇ ತಂದೆ, ಮೊಣಕಾಲಿನತನಕ ಬರುವ ರಬ್ಬರಿನದು.
ಒಂದು ನಂಬರು ದೊಡ್ಡದಾಯಿತು.
ಮುಂದೆ ಚಿಂದಿ ತುರುಕಿಕೊಂಡು
ಚಪಕ್ ಚಪಕ್ ಅಂತ ನಡೆಯುತ್ತಾನೆ,
ಓಣಿಯ ಹುಡುಗರು ನಗುತ್ತಾರೆ.

ಹದಿನೆಂಟು ವರ್ಷದಲ್ಲಿ ಮೊದಲ ಸಲ
ಅಳತೆ ತಪ್ಪಿದ್ದು.